ಹಗೇವಿಗೆ ಕಂದೀಲು ಬಿಡುತ್ತಿದ್ದ ಗುರೂಜಿ

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಬಸ್ಸಿನ ಕಂಡಕ್ಟರ್. ಔರಾದದ ಸುದ್ದಿ ಏನಿದ್ದರೂ ನಾನಿದ್ದ ಭಾಲ್ಕಿಗೆ ಬಸ್ಸಿನಲ್ಲೇ ಬರಬೇಕು. ಔರಾದಕ್ಕೆ ಆಗಲೂ ರೈಲು ಇರಲಿಲ್ಲ, ಈಗಲೂ ಇಲ್ಲ. ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದವನ ಹತ್ತಿರ ಬಂದು, "ಸರ್, ನಿಮ್ಮ ಕಂದೀಲ ಗುರೂಜಿ ಹೋದ್ರಂತ್ರಿ. ಬೀದರದಾಗ, ಮಗಳ ಮನ್ಯಾಗ. ಮಣ್ಣು ಅವರೂರು ಎಕಂಬಾದಾಗ ಅಂತ" ಎಂದ. ನಾನು ಚಹಾದ ಕಪ್ಪನ್ನು ಹಾಗೇ ಇಟ್ಟು ಅದೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ನೆನಪಾಗುತ್ತಿದ್ದದ್ದು ಅವರ ಮುಖವಲ್ಲ, ಅವರ ಎರಡು ಶಬ್ದ: "ಮೊದಲ್ ನಾ."

ಬೀದರ ಜಿಲ್ಲೆಯನ್ನು ಮೂರು ಪಾಲು ಮಾಡಿ ನಮ್ಮ ಪಾಲನ್ನು ಮೈಸೂರು ರಾಜ್ಯಕ್ಕೆ ಸೇರಿಸಿದ ಹೊಸದು. ಸಾಲೆಯ ಮೇಲಿನ ಉರ್ದು ಬೋರ್ಡು ಇಳಿಸಿ ಕನ್ನಡ ಬೋರ್ಡು ಏರಿಸಲು ಜನ ಸಿಕ್ಕರು, ಒಳಗೆ ಕನ್ನಡ ಕಲಿಸಲು ಸಿಗಲಿಲ್ಲ. ನಾಲ್ಕು ಸಾಲು ತಪ್ಪಿಲ್ಲದೆ ಬರೆಯುತ್ತಾನೆ ಎಂಬ ಒಂದೇ ಯೋಗ್ಯತೆಯ ಮೇಲೆ ನನ್ನನ್ನು ಔರಾದಕ್ಕೆ ಅಟ್ಟಿದರು. ಅಲ್ಲಿ ಸಾಯಿನ್ಸ್ ಕಲಿಸುತ್ತಿದ್ದವರು ಈ ಗುರೂಜಿ. ಉರ್ದುವಿನಲ್ಲಿ ಓದಿದವರು, ಮರಾಠಿಯಲ್ಲಿ ಲೆಕ್ಕ ಹಾಕುವವರು, ಮನೆಯಲ್ಲಿ ಕನ್ನಡ ಮಾತಾಡುವವರು. ಕನ್ನಡ ಓದಲು ಮಾತ್ರ ಬಾರದು. ಪರೀಕ್ಷೆ ಪಾಸಾಗದಿದ್ದರೆ ನೌಕರಿಗೆ ಕುತ್ತು ಎಂದು ಸರಕಾರ ಹೇಳಿತ್ತು. ಹಾಗಾಗಿ ದಿನಾ ಸಾಲೆ ಬಿಟ್ಟ ಮೇಲೆ ನಾನು ಅವರಿಗೆ ಮೇಷ್ಟ್ರಾದೆ. ಮೈಸೂರಿನಿಂದ ಬಂದ ಹೊಸ ಪುಸ್ತಕದ 'ಆಮ್ಲಜನಕ' ಎಂಬ ಶಬ್ದವನ್ನು ನಾನು ಅವರಿಗೆ ಓದಿಸಿದೆ. ಆಮ್ಲಜನಕ ಅಂದರೆ ಏನು ಎಂದು ಅವರು ನನಗೆ ತಿಳಿಸಿದರು. ವ್ಯವಹಾರ ಸರಿಹೋಯಿತು.

ಗಿಡ್ಡ ಆಳು. ಬಿಳಿ ಟೊಪ್ಪಿಗೆ, ಗುಂಡಿ ಪೂರಾ ಹಾಕಿದ ಕೋಟು. ನಗುವುದು ಕಡಿಮೆ. ಅವರ ಮನೆತನ ಆ ಸುಮಾರಿಗೆ ಬೌದ್ಧ ಧಮ್ಮ ತೆಗೆದುಕೊಂಡಿತ್ತು. ಅದಕ್ಕೆ ಮುಂಚೆ ಅವರನ್ನು ಊರು ಏನಂತ ಕರೆಯುತ್ತಿತ್ತೋ ಅದನ್ನು ಊರು ಮರೆತಿರಲಿಲ್ಲ. ಸಾಲೆಯಲ್ಲಿ ನೀರಿನ ಹೂಜಿ ತುಂಬಿದ ಕೂಡಲೇ ಗುರೂಜಿ ಬಂದು, "ಮೊದಲ್ ನಾ" ಎಂದು ಒಂದು ಲೋಟ ಕುಡಿಯುವರು. ನೀರು ಕೆಟ್ಟಿದ್ದರೆ ತನಗೇ ಆಗಲಿ, ಮಕ್ಕಳಿಗೆ ಬೇಡ ಎಂಬುದು ಅವರ ನಿಯಮ. ಊರವರಿಗೆ ಕಂಡದ್ದು ಬೇರೆ. ನಾಲ್ಕು ಜನ ಹಿರಿಯರು ಹೆಡ್‌ಮಾಸ್ತರರ ಹತ್ತಿರ ತಕರಾರು ತಂದರು: ಕುಡಿಯಲಿ, ಬೇಡ ಅನ್ನುವುದಿಲ್ಲ, ಆದರೆ ಮೊದಲೇ ಯಾಕೆ? ಗುರೂಜಿ ಬಾಗಿಲಲ್ಲಿ ನಿಂತು ಅಷ್ಟೂ ಕೇಳಿ, "ಆಯ್ತ್ರಿ. ನಾಳಿಂದ ನಿಮ್ಮಾಗ ಒಬ್ಬರು ಬಂದು ಮೊದಲ ಕುಡೀರಿ. ನಾ ಎರಡನೇದಾಂವ ಆಗ್ತೇನಿ" ಎಂದರು. ಮರುದಿನ ಯಾರೂ ಬರಲಿಲ್ಲ. ನನಗೆ ಹೊಟ್ಟೆ ತುಂಬ ನಗು ಬಂತು. ಗುರೂಜಿ ನಗಲಿಲ್ಲ.

ರಾಜ್ಯ ಕೂಡಿದ ಉತ್ಸಾಹ ನನಗೆ ಇನ್ನೂ ಇಳಿದಿರಲಿಲ್ಲ. ಅವರಿಗೆ ಅದು ಏರಿಯೇ ಇರಲಿಲ್ಲ. ಅವರ ತಂಗಿಯನ್ನು ಉದಗೀರ ಕಡೆ ಕೊಟ್ಟಿತ್ತು. ಹಿಂದಿನ ವರ್ಷ ಅದೇ ಜಿಲ್ಲೆ, ಈಗ ಬೇರೆ ರಾಜ್ಯ. ರಷ್ಯಾದವರು ಭೂಮಿಯ ಸುತ್ತ ಒಂದು ಗುಂಡು ಬಿಟ್ಟರು ಎಂದು ಪೇಪರಿನಲ್ಲಿ ಬಂದಾಗ ನಾನು ಜಾಣತನ ತೋರಿಸಿದೆ: "ನೋಡ್ರಿ ಗುರೂಜಿ, ನಾಳೆ ಮನಷ್ಯಾ ಮ್ಯಾಲ ಹೋದ್ನಂದ್ರ ಅಲ್ಲಿಂದ ಯಾವ ಗಡಿನೂ ಕಾಣಂಗಿಲ್ಲ." ಅವರು ಪೇಪರು ಮಡಚಿದರು.

"ಗಡಿ ಹಾಕಿದೋರು ಮ್ಯಾಲಿಂದೇ ನೋಡಿ ಹಾಕ್ಯಾರ್ರಿ. ನಕಾಶೆ ಅಂದ್ರ ಮತ್ತೇನು? ತೆಳಗ ಇಳಿದು ನೋಡಿದ್ರ ಹಾಕ್ತಿದ್ದಿಲ್ಲ."

ನಾನು ಕನ್ನಡ ಪುಸ್ತಕ ತೆರೆದು ಅವತ್ತಿನ ಪಾಠಕ್ಕೆ ಬಂದೆ.

ಅದಾಗಿ ತಿಂಗಳಾಗಿರಲಿಲ್ಲ, ರಷ್ಯಾದವರು ಒಂದು ನಾಯಿಯನ್ನು ಕಳಿಸಿದರು. ಹೈದರಾಬಾದಿನ ಉರ್ದು ಪೇಪರು ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಸ್ಟ್ಯಾಂಡಿನ ಬೇವಿನ ಕೆಳಗೆ ಗುರೂಜಿ ಅದನ್ನು ಓದಿ ಎಲ್ಲರಿಗೂ ಹೇಳುವ ರೂಢಿ. ಅವತ್ತು ಕುರಿ ಮಾರಲು ಬಂದಿದ್ದ ಒಬ್ಬ ಮುದುಕ ಕೂತಿದ್ದ. ಮೈಲಾರ ಮಲ್ಲಣ್ಣನ ಒಕ್ಕಲು, ಕೊರಳಲ್ಲಿ ಅರಿಶಿನ ಭಂಡಾರದ ಚೀಲ. ಆ ಜನಕ್ಕೆ ನಾಯಿ ದೇವರ ಬಳಗ. ಊಟಕ್ಕೆ ಕೂತರೆ ಮೊದಲ ತುಂಡು ರೊಟ್ಟಿ ನಾಯಿಗೆ.

"ಗುರೂಜಿ, ಆ ನಾಯಿ ತೆಳಗ ಯಾವಾಗ ಬರ್ತದ್ರಿ?" ಎಂದ ಮುದುಕ.

"ಬರಂಗಿಲ್ಲ ಕಾಕಾ. ತರೋ ಯುಕ್ತಿ ಇನ್ನಾ ಆಗಿಲ್ಲ."

"ತರಲಾಕ ಬರಂಗಿಲ್ಲಂದ್ರ ಕಳಿಸ್ಲಾಕ ಹ್ಯಾಂಗ ಬಂತ್ರಿ?"

ಸ್ಟ್ಯಾಂಡಿನಲ್ಲಿ ಒಂದಿಬ್ಬರು ನಕ್ಕರು. ಗುರೂಜಿ ಪೇಪರನ್ನು ಅಲ್ಲೇ ಬೆಂಚಿನ ಮೇಲೆ ಬಿಟ್ಟು ಎದ್ದು ಹೋದರು. ನಾನು ಹಿಂದೆ ಹೋದೆ. ಅವತ್ತೇ ಅವರು ತಮ್ಮ ಅಪ್ಪನ ಕತೆ ಹೇಳಿದ್ದು.

ಹಗೇವು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ನೆಲದಲ್ಲಿ ಬಾವಿಯಂತೆ ತೋಡಿ, ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ. ವರ್ಷಗಟ್ಟಲೆ ಮುಚ್ಚಿದ ಜೋಳ ಒಳಗೆ ಕಾವು ಹಿಡಿದು ಹವೆ ವಿಷವಾಗಿರುತ್ತದೆ. ತೆರೆದ ಮೇಲೆ ಒಂದು ದಿನವಾದರೂ ಹಾಗೇ ಬಿಡಬೇಕು, ಹಗ್ಗಕ್ಕೆ ಕಂದೀಲು ಕಟ್ಟಿ ತಳದವರೆಗೆ ಬಿಟ್ಟು ನೋಡಬೇಕು. ದೀಪ ನಿಂತರೆ ಮನುಷ್ಯ ಇಳಿಯಬಹುದು, ಆರಿದರೆ ಇಲ್ಲ. ಇದು ಎಲ್ಲರಿಗೂ ಗೊತ್ತಿದ್ದ ಮಾತು. ಆದರೆ ಧಾರಣೆ ಏರಿದ ದಿನ, ವ್ಯಾಪಾರಿಯ ಬಂಡಿ ಬಾಗಿಲಿಗೆ ಬಂದು ನಿಂತಾಗ, ಯಾರಿಗೆ ಕಂದೀಲಿನ ನೆನಪಾಗುತ್ತದೆ? ಎಕಂಬಾದ ವಾಡೆಯ ಧಣಿಗಳು ಗುರೂಜಿಯ ಅಪ್ಪನನ್ನು ಇಳಿಸಿದ್ದರು. ಇಳಿಯುವ ಕೆಲಸ ಯಾವ ಕೇರಿಯದು ಎಂಬುದೂ ಎಲ್ಲರಿಗೂ ಗೊತ್ತಿದ್ದ ಮಾತೇ. ಗುರೂಜಿ ಆಗ ಸಣ್ಣವರು, ತಮ್ಮ ಇನ್ನೂ ತೊಟ್ಟಿಲಲ್ಲಿ.

"ನಮ್ಮಪ್ಪನ ಹೆಣ ಮೇಲೆತ್ತಿದಾಗ ಧಣಿಗಳು ಏನಂದ್ರು ಗೊತ್ತದಾ?" ಎಂದರು. "'ಈಗ ಹವಾ ಬಿಟ್ಟದ, ಇನ್ನೊಬ್ಬಾಂವ ಇಳೀರಿ' ಅಂದ್ರು."

ಬೇವಿನ ಕೆಳಗೆ ಎಲ್ಲರೂ ಅಮೆರಿಕವೋ ರಷ್ಯಾವೋ, ಮೊದಲು ಯಾರು ಮನುಷ್ಯನನ್ನು ಕಳಿಸುತ್ತಾರೆ ಎಂದು ಪಣ ಕಟ್ಟುತ್ತಿದ್ದ ಕಾಲ ಅದು. ನಾನು ಅಮೆರಿಕದ ಕಡೆ, ಹೆಡ್‌ಮಾಸ್ತರರು ರಷ್ಯಾದ ಕಡೆ. ಗುರೂಜಿಯನ್ನು ಕೇಳಿದರೆ, "ಯಾರು ಮುಂದ ಅಂತ ನೀವು ಕೇಳ್ತೀರಿ. ಯಾರಿಗಿ ಮುಂದ ದೂಡ್ತಾರ ಅಂತ ಕೇಳ್ರಿ ಜರಾ. ಕಳಿಸೋರು ಇಬ್ಬರೂ ಗಟ್ಟಿ ಇದ್ದಾರ. ಕಳಿಸಿಕೊಂಡಾಂವ ವಾಪಸ್ ಬಂದ್ರ ನನಗ ಹೇಳ್ರಿ" ಎನ್ನುತ್ತಿದ್ದರು. ಜನಕ್ಕೆ ಇದು ತಿಕ್ಕಲು ಮಾತಾಗಿ ಕೇಳುತ್ತಿತ್ತು. ಅವರ ಮನಸ್ಸಿನಲ್ಲಿದ್ದದ್ದು ತಮ್ಮ ಎಂದು ನನಗೆ ಗೊತ್ತಿತ್ತು.

ಆ ತಮ್ಮ ಎಕಂಬಾದಲ್ಲೇ, ಅದೇ ವಾಡೆಯಲ್ಲಿ ದುಡಿಯುತ್ತಿದ್ದ. ಎತ್ತರದ ಆಳು, ಮಾತಿಗೊಮ್ಮೆ ನಗುವವನು. ಅಣ್ಣನ ಪಾಲಿನ ನಗುವನ್ನೂ ಇವನೇ ಎತ್ತಿಕೊಂಡು ಬಂದಿದ್ದ. ಗುರೂಜಿ ಅವನಿಂದ ಆಣೆ ಮಾಡಿಸಿಕೊಂಡಿದ್ದರು: ಕಂದೀಲು ಬಿಡದೆ ಹಗೇವಿಗೆ ಇಳಿಯುವುದಿಲ್ಲ. ಅವನು ಅದನ್ನು ಪಾಲಿಸುತ್ತಿದ್ದ. ಧಣಿಗಳು ಗದರಿದರೆ, "ಅಣ್ಣಗ ಮಾತು ಕೊಟ್ಟೀನ್ರಿ" ಎಂದು ನಗುತ್ತ ಕಲ್ಲಿನ ಹಾಗೆ ನಿಲ್ಲುತ್ತಿದ್ದನಂತೆ. ಪ್ರತಿ ಬೇಸಿಗೆ ಹಗೇವು ತೆಗೆಯುವ ದಿನಗಳಲ್ಲಿ ಗುರೂಜಿ ರವಿವಾರ ಸೈಕಲ್ಲಿಗೆ ಕಂದೀಲು, ಉದ್ದನೆಯ ಹಗ್ಗ ಕಟ್ಟಿಕೊಂಡು ಹಳ್ಳಿಹಳ್ಳಿ ಸುತ್ತುವರು. ಕಂದೀಲ ಗುರೂಜಿ ಎಂಬ ಹೆಸರು ಬಂದದ್ದು ಹಾಗೆ. ಆಡಿಕೊಳ್ಳುವವರು ಆಡಿಕೊಂಡರು, ಆದರೆ ಅವರು ಹೋದ ಕಡೆ ದೀಪ ನಿಲ್ಲುವ ತನಕ ಯಾರೂ ಇಳಿಯುತ್ತಿರಲಿಲ್ಲ.

ಕೊನೆಗೂ ಮನುಷ್ಯ ಹೋದ. ರಷ್ಯಾದವನು, ಬಡಗಿಯ ಮಗನಂತೆ. ಭೂಮಿಗೆ ಒಂದು ಸುತ್ತು ಹಾಕಿ ಜೀವಂತ ಇಳಿದ. ಪೇಪರು ಓದುತ್ತಿದ್ದ ಗುರೂಜಿ ಎದ್ದು ನಿಂತರು. "ವಾಪಸ್ ಬಂದಾನ್ರಿ!" ಎಂದರು. ಮತ್ತೆ ಮತ್ತೆ ಅದನ್ನೇ ಅಂದರು. ಹೋದದ್ದು ಅವರಿಗೆ ಸುದ್ದಿಯೇ ಅಲ್ಲ, ಬಂದದ್ದು ಸುದ್ದಿ. ಅವತ್ತು ಅವರು ತಮ್ಮ ಕೈಯಿಂದ ಇಡೀ ಸಾಲೆಗೆ ಪೇಢಾ ಹಂಚಿದರು, ಮತ್ತು ನಾನು ಅವರ ಹಲ್ಲುಗಳನ್ನು ಮೊದಲ ಬಾರಿಗೆ ನೋಡಿದೆ. ಮುಂದಿನ ಹಲ್ಲು ಒಂದು ಮುರಿದಿತ್ತು.

ರವಿವಾರ ನನ್ನನ್ನೂ ಎಳೆದುಕೊಂಡು ಎಕಂಬಾಕ್ಕೆ ಹೋದರು. ಕೇರಿಯ ಕಟ್ಟೆಯ ಮೇಲೆ ಜನ ಕೂಡಿದರು. ಗುರೂಜಿ ಪೇಪರಿನ ಚಿತ್ರ ತೋರಿಸಿದರು, ತಲೆಗೆಲ್ಲ ಟೊಪ್ಪಿಗೆ ಹಾಕಿಕೊಂಡು ಮುಖ ಮಾತ್ರ ಕಾಣುವ ಚಿತ್ರ. ಗುರೂಜಿಯ ತಮ್ಮ ಮುಂದೆಯೇ ಕೂತಿದ್ದ. ಅವನ ಹಿಂದೆ, ಗೋಡೆಗೆ ಒರಗಿ, ಹೊಸದಾಗಿ ಮದುವೆಯಾಗಿ ಬಂದಿದ್ದ ಅವನ ಹೆಂಡತಿ.

"ಅಲ್ಲಿ ಹವಾನೇ ಇಲ್ಲಂತೀ ಅಣ್ಣ. ಮತ್ತ ಅಂವ ಉಸರು ಹ್ಯಾಂಗ ಆಡಿದ?"

"ತಲಿಗಿ ಕಟ್ಕೊಂಡಾನಲ್ಲ, ಅದರಾಗ ಹವಾ ಬಿಡ್ತಾರ. ಅದಕ್ಕೇ ಉಳದ."

"ಬಿಲ್ಕುಲ್ ಹವಾ ಇಲ್ಲದಲ್ಲಿ ಹೋಗಿ ಬಂದ!" ಎಂದು ತಮ್ಮ ತೊಡೆ ತಟ್ಟಿ ನಕ್ಕ. ಆ ಚಿತ್ರವನ್ನು ಕೇಳಿ ಇಸಿದುಕೊಂಡ. ಗುರೂಜಿ ಇನ್ನೂ ಬಹಳ ಹೊತ್ತು ಮಾತಾಡಿದರು. ಇನ್ನು ಮುಂದೆ ಕಾಲ ಬೇರೆ, ಕಳಿಸುವವರು ತರುವುದನ್ನೂ ಕಲಿತರು ಎಂದರು. ಮನುಷ್ಯ ಇಷ್ಟು ಆಸೆ ಇಟ್ಟುಕೊಂಡು ಮಾತಾಡಬಾರದು ಎಂದು ಈಗ ಅನ್ನಿಸುತ್ತದೆ.

ಕೆಲವು ವಾರ ಕಳೆದು, ಮಳೆಗಾಲ ಇನ್ನೇನು ಬಂತು ಎನ್ನುವಾಗ, ಸಾಲೆಯ ಬಾಗಿಲಿಗೆ ಎಕಂಬಾದ ಒಬ್ಬ ಆಳು ಬಂದ. ಗುರೂಜಿ ಅವನ ಮುಖ ನೋಡಿದವರೇ ಸೈಕಲ್ಲಿನ ಕಡೆ ನಡೆದರು. ನಾನು ಹಿಂದೆ ಕೂತೆ. ಕಂದೀಲು ನನ್ನ ಕೈಯಲ್ಲಿತ್ತು.

ವಾಡೆಯ ಅಂಗಳದಲ್ಲಿ ಬಂಡಿ ನಿಂತಿತ್ತು. ಹಗೇವಿನ ಬಾಯಿ ತೆರೆದು ಇನ್ನೂ ಎರಡು ಚಿಲುಮೆ ಸೇದುವಷ್ಟು ಹೊತ್ತೂ ಆಗಿರಲಿಲ್ಲವಂತೆ. ಧಣಿಗಳು ಅವಸರ ಮಾಡಿದ್ದಾರೆ. ತಮ್ಮ ಈ ಸಲ ಅಣ್ಣನ ಮಾತು ತೆಗೆಯಲಿಲ್ಲವಂತೆ. ಟವೆಲನ್ನು ನೀರಲ್ಲಿ ತೋಯಿಸಿ ತಲೆ, ಮೂಗು, ಬಾಯಿ ಪೂರಾ ಬಿಗಿದು ಕಟ್ಟಿಕೊಂಡನಂತೆ, ಥೇಟು ಆ ಚಿತ್ರದವನ ಹಾಗೆ. "ರಷ್ಯಾದಾಂವ ಮ್ಯಾಲ ಹೋಗಿ ಬಂದಾನ. ನಾ ತೆಳಗ ಹೋಗಿ ಬರ್ತೇನಿ" ಎಂದು ನಗುತ್ತ ಇಳಿದನಂತೆ.

ಒಬ್ಬ ಗೆಳೆಯ ಅವನನ್ನು ಎತ್ತಲೆಂದು ಹಗೇವಿನ ಬಾಯಿಗೆ ಕಾಲು ಇಳಿಬಿಟ್ಟಿದ್ದ. ಗುರೂಜಿ ಓಡಿ ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. "ಯಾರೂ ಇಳಿಬ್ಯಾಡ್ರಿ!"

"ಗುರೂಜಿ, ಜೀವ ಇದ್ರ?"

"ಯಾರೂ ಇಳಿಬ್ಯಾಡ್ರಿ."

ನನ್ನ ಕೈಯಿಂದ ಕಂದೀಲು ತೆಗೆದುಕೊಂಡು ಹಚ್ಚಿ ಬಿಟ್ಟರು. ಅರ್ಧಕ್ಕೇ ಆರಿತು. ಮೇಲೆಳೆದು ಮತ್ತೆ ಹಚ್ಚಿದರು. ಮತ್ತೆ ಆರಿತು. ಎಲೆ ತುಂಬಿದ ಬೇವಿನ ಟೊಂಗೆಗಳನ್ನು ಹಗ್ಗಕ್ಕೆ ಕಟ್ಟಿ ಏರಿಸಿ ಇಳಿಸಿ ಹವೆ ಆಡಿಸಿದೆವು. ಹೆಂಗಸರು ಎದೆ ಬಡಿದುಕೊಂಡು ಗುರೂಜಿಯನ್ನು ಬೈದರು, ಒಡಹುಟ್ಟಿದವನು ಒಳಗೆ ಬಿದ್ದಿದ್ದಾನೆ, ಇವನಿಗೆ ದೀಪದ ಹುಚ್ಚು ಎಂದರು. ಅವರು ಕಂದೀಲು ಹಚ್ಚುತ್ತಲೇ ಇದ್ದರು. ಹೊತ್ತು ಇಳಿಯುವ ಹೊತ್ತಿಗೆ ದೀಪ ತಳದಲ್ಲಿ ನಿಂತಿತು. ಆಗ ಟೊಪ್ಪಿಗೆ ತೆಗೆದು ನನ್ನ ಕೈಗೆ ಕೊಟ್ಟು, "ಮೊದಲ್ ನಾ" ಎಂದು ಇಳಿದರು.

ಧಣಿಗಳು ಅಷ್ಟು ಹೊತ್ತೂ ಜಗಲಿಯ ಮೇಲೆ ಕೂತಿದ್ದರು. ಹೆಣ ಮೇಲೆ ಬಂದ ಮೇಲೆ ಎದ್ದು, "ನಾ ಏನೂ ಜುಲುಮಿ ಮಾಡಿಲ್ಲಪಾ. ನಿನ್ನ ಮಾತು ಕೇಳೇ ಇಳದಾನ, ಬೇಕಾದ್ರ ಎಲ್ಲರಿಗಿ ಕೇಳು" ಎಂದು ಒಳಗೆ ಹೋದರು. ಆ ಮಾತು ಸುಳ್ಳಾಗಿದ್ದರೆ ಗುರೂಜಿ ಬದುಕಿಕೊಳ್ಳುತ್ತಿದ್ದರು. ನಾನು ಅವತ್ತು ಆ ಧಣಿಯ ಕುತ್ತಿಗೆ ಹಿಡಿಯಬೇಕೆಂದು ಎದ್ದವನು. ಗುರೂಜಿ ನನ್ನ ಧೋತರದ ಚುಂಗು ಹಿಡಿದು ಕೂಡಿಸಿದರು.

ತಮ್ಮನ ಹೆಂಡತಿ ದೂರದ ಹೊಲದಲ್ಲಿ ಕೊಯ್ದ ಜೋಳದ ಕೂಳಿ ಆರಿಸುತ್ತಿದ್ದಳು. ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ವಾಡೆಯಿಂದ ಯಾರೂ ಹೋಗುವುದಿಲ್ಲ ಎಂದು ಗೊತ್ತಾದಾಗ ಗುರೂಜಿಯೇ ಹೊರಟರು, ಹಿಂದೆ ನಾನು. ಅವರ ಮೈತುಂಬ ಹಗೇವಿನ ಹೊಟ್ಟು, ತಲೆಯ ಮೇಲೆ ಟೊಪ್ಪಿಗೆ ಇಲ್ಲ. ಅವಳು ಬಾಗಿದವಳು ಎದ್ದು, ಸೆರಗು ಎಳೆದುಕೊಂಡು, ಅವರು ಹೇಳುವುದನ್ನು ಪೂರಾ ಕೇಳಿದಳು. ಅಳಲಿಲ್ಲ.

"ಹೋಗಿ ಬರಬಹುದು ಅಂತ ಹೇಳಿದೋರೂ ನೀವೇ ಭಾವ. ಬರಲಿಲ್ಲಂತ ಹೇಳ್ಲಾಕ ಬಂದೋರೂ ನೀವೇ."

ಅವಳು ಅವರೊಂದಿಗೆ ಆಡಿದ ಕಡೆಯ ಮಾತು ಅದು. ಮುಂದೆ ಇಪ್ಪತ್ತೈದು ವರ್ಷ ಒಂದೇ ಮನೆತನದ ಮದುವೆ, ತೊಟ್ಟಿಲುಗಳಲ್ಲಿ ಎದುರಾದರೂ ಅವಳು ಸೆರಗು ಎಳೆದುಕೊಂಡು ದಾಟಿ ಹೋಗುವಳು, ಅವರು ನೆಲ ನೋಡುವರು.

ಗುರೂಜಿ ಕನ್ನಡ ಪರೀಕ್ಷೆ ಪಾಸಾದರು. ಮಕ್ಕಳಿಗೆ ಆಮ್ಲಜನಕ ಕಲಿಸಿದರು. ಆದರೆ ಪೇಪರು ಓದಿ ಹೇಳುವುದನ್ನು ಬಿಟ್ಟುಬಿಟ್ಟರು. ಮನುಷ್ಯ ಚಂದ್ರನ ಮೇಲೆ ಇಳಿದ ದಿನ ಸಾಲೆಯೆಲ್ಲ ರೇಡಿಯೋದ ಸುತ್ತ ಮುತ್ತಿಕೊಂಡಿದ್ದರೆ ಅವರು ಖಾಲಿ ಕ್ಲಾಸಿನಲ್ಲಿ ಕೂತು ಹಗ್ಗದ ಹುರಿ ಬಿಗಿಮಾಡುತ್ತಿದ್ದರು. ನಮ್ಮ ದೇಶದವನೂ ಒಬ್ಬ ಪರರ ಬಂಡಿಯಲ್ಲಿ ಹೋಗಿ ಬಂದ. ಆಗಲೂ ಅವರು ಪೇಪರು ಮುಟ್ಟಲಿಲ್ಲ. ರಿಟೈರಾಗಿ ಬೀದರಿಗೆ ಮಗಳ ಮನೆಗೆ ಹೋದರು. ಅಷ್ಟು ಹೊತ್ತಿಗೆ ಗೋದಾಮುಗಳು ಬಂದು ಹಗೇವುಗಳೆಲ್ಲ ಮುಚ್ಚಿಹೋಗಿದ್ದವು. ಇನ್ನು ನೆಮ್ಮದಿಯಾಗಿರಿ ಎಂದು ನಾನು ಒಮ್ಮೆ ಚೇಷ್ಟೆ ಮಾಡಿದೆ. ಅವರು ನನ್ನನ್ನು ಓಣಿಯ ತುದಿಗೆ ಕರೆದೊಯ್ದರು. ಅಲ್ಲಿ ಮನೆಯೊಂದರ ಸಂಡಾಸದ ಗುಂಡಿ ಬಳಿಯಲು ಒಬ್ಬನನ್ನು ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುತ್ತಿದ್ದರು. "ಹಗೇವು ಹೋದವು, ಇವು ಬಂದವು" ಎಂದರು. "ಇಲ್ಲಿ ನನ್ನ ಕಂದೀಲೂ ನಡಿಯಂಗಿಲ್ಲ. ದೀಪ ಬಿಟ್ರ ಗ್ಯಾಸಿಗಿ ಬೆಂಕಿ ಹತ್ತತದ." ಅವರ ಕೈ ಖಾಲಿಯಾದದ್ದನ್ನು ನಾನು ಅವತ್ತು ನೋಡಿದೆ. ಇಳಿಯುವವನು ಮೇಲೆ ಬರುವ ತನಕ ಅಲ್ಲೇ ನಿಂತಿದ್ದರು. ಅದಷ್ಟೇ ಅವರಿಗೆ ಉಳಿದ ಕೆಲಸ.

ಕಡೆಯ ಸಲ ಭೇಟಿಯಾದದ್ದು ಅಮೆರಿಕದ ವಾಹನವೊಂದು ಏಳು ಜನರನ್ನು ಕೂಡಿಸಿಕೊಂಡು ಆಕಾಶದಲ್ಲೇ ಒಡೆದು ಚೂರಾದ ಮೇಲೆ. ಅವರಲ್ಲಿ ಒಬ್ಬಳು ಸಾಲೆಯ ಟೀಚರು. ಇನ್ನು ಮನುಷ್ಯರನ್ನು ಕಳಿಸುವುದೋ ಬಿಡುವುದೋ, ಕಳಿಸಿದರೆ ಯಾರು ಮುಂದಾಗುತ್ತಾರೋ ಎಂದು ಪೇಪರುಗಳೆಲ್ಲ ಬರೆಯುತ್ತಿದ್ದವು. ಗುರೂಜಿ ಹಾಸಿಗೆ ಹಿಡಿದಿದ್ದರು. "ಚಳಿ ಇತ್ತಂತ್ರಿ ಅವತ್ತು. ಬ್ಯಾಡ ಅಂತ ತಿಳದೋರು ಹೇಳಿದ್ರಂತ. ಬಂಡಿ ಬಾಗಿಲಿಗಿ ನಿಂತಿತ್ತು, ಯಾರ್ ಕೇಳ್ತಾರ?" ಎಂದರು. ಆಮೇಲೆ, "ಟೀಚರು ಪಾಪ, ಮಕ್ಕಳಿಗಿ ಹೇಳಿ ಹೋಗಿದ್ಳಂತ, ಬಂದು ಪಾಠ ಮಾಡ್ತೇನಿ ಅಂತ" ಎಂದು ಗೋಡೆಯ ಕಡೆ ಮಗ್ಗುಲಾದರು.

ಎಕಂಬಾದಲ್ಲಿ ನಾನು ಬಸ್ಸಿಳಿಯುವ ಹೊತ್ತಿಗೆ ಬುದ್ಧವಂದನೆ ಮುಗಿದಿತ್ತು. ಔರಾದದಿಂದ ಬಂದ ಅವರ ಹಳೆಯ ವಿದ್ಯಾರ್ಥಿಯೊಬ್ಬ, ಈಗ ತಾನೂ ಮಾಸ್ತರ, ನಾಲ್ಕು ಮಾತಾಡಿದ. ಗುರೂಜಿ ನಮಗೆ ಆಕಾಶ ತೋರಿಸಿದವರು, ನಾಳೆ ನಮ್ಮ ದೇಶ ತನ್ನದೇ ವಾಹನದಲ್ಲಿ ತನ್ನ ಮನುಷ್ಯರನ್ನು ಕಳಿಸುತ್ತದೆ, ಜಗತ್ತಿಗೇ ಮುಂದಾಳಾಗುತ್ತದೆ ಎಂದ. ಒಳ್ಳೆಯ ಹುಡುಗ. ಅವನಿಗೆ ಏನೂ ಗೊತ್ತಿರಲಿಲ್ಲ.

ಮಣ್ಣು ಮುಗಿದು ಜನ ಚೆದುರಿದ ಮೇಲೆ ಒಬ್ಬ ಹೆಂಗಸು ನನ್ನ ಹತ್ತಿರ ಬಂದಳು. ತಲೆ ಪೂರಾ ಬೆಳ್ಳಗಾಗಿತ್ತು, ಆದರೂ ಸೆರಗು ಎಳೆದುಕೊಂಡ ರೀತಿಯಿಂದ ಗುರುತು ಹಿಡಿದೆ. ತಮ್ಮನ ಹೆಂಡತಿ.

"ಮಾಸ್ತರೆ, ಆ ಚಿತ್ರದಾಗಿನಾಂವ, ಮೊದಲ ಹೋಗಿ ಬಂದ ರಷ್ಯಾದಾಂವ, ಇನ್ನಾ ಇದ್ದಾನೇನ್ರಿ?"

"ಇಲ್ಲವ್ವ. ಅಂವನೂ ಹೋದ. ಆಮ್ಯಾಲ ಕೆಲವು ವರ್ಷಕ್ಕೇ. ಒಂದು ವಿಮಾನ ಬಿತ್ತು, ಅದರಾಗ ಇದ್ದ."

ಅವಳು ಹೊಸ ಮಣ್ಣಿನ ಗುಡ್ಡೆಯ ಕಡೆ ನೋಡಿದಳು. ಇಪ್ಪತ್ತೈದು ವರ್ಷ ಮಾತು ಬಿಟ್ಟಿದ್ದ ಭಾವನ ಕಡೆ.

"ಅವನ ಹೆಂಡತಿಗಿ ಯಾರು ಹೇಳಲಾಕ ಹೋದ್ರು?"